ಬಿ ಕಣದ ವಯಸ್ಸು, ಬೊಮ್ಮಸಂದ್ರದ ಚಿಕಿತ್ಸೆ

ಎಲೆಕ್ಟ್ರಾನಿಕ್ ಸಿಟಿಯನ್ನು ಹಿಂದಿಕ್ಕಿ, ಹೆಬ್ಬಗೋಡಿಯನ್ನು ಹಾದು, ಹೊಸೂರು ರಸ್ತೆಯ ಲಾರಿಗಳ ಸಾಲಿನೊಡನೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶವನ್ನು ಪ್ರವೇಶಿಸುವವನಿಗೆ, ಮನುಷ್ಯರಕ್ತದ ಒಂದು ಸೂಕ್ಷ್ಮ ಕಣದ ಜೀವನಚರಿತ್ರೆಯನ್ನೇ ಆಧಾರವಾಗಿಟ್ಟುಕೊಂಡ ಚಿಕಿತ್ಸೆಯೊಂದು ಅಲ್ಲಿ ಸಿದ್ಧವಾಗುತ್ತಿರುವುದೆಂಬ ಸಂಗತಿ ಸುಲಭವಾಗಿ ಹೊಳೆಯಲಾರದು. ಕಿರಣ್ ಮಜುಂದಾರ್ ಷಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆಯು 2025ರ ಜನವರಿಯಲ್ಲಿ ‘ಕಾರ್ಟೆಮಿ’ ಎಂಬ ಹೆಸರಿನಿಂದ ಹೊರತಂದ ಕಾರ್-ಟಿ ಚಿಕಿತ್ಸೆಯು, ಅನ್ಯ ಔಷಧಗಳಿಗೆ ಬಗ್ಗದ ಬಿ ಕಣದ ಲಿಂಫೋಮಾ ಎಂಬ ಅರ್ಬುದಕ್ಕೆ ಉದ್ದಿಷ್ಟವಾದುದು. ಅದರ ಮರ್ಮವನ್ನರಿಯಲು, ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ ಈ ಬಿ ಕಣವು ಬೆಳೆಯುವ ಬಗೆಯನ್ನು ಅರಿಯಲೇಬೇಕು.

ಈ ಕಣ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಕೋಳಿಮರಿಗಳ ಬಾಲದ ಬುಡದಲ್ಲಿರುವ ಬರ್ಸಾ ಎಂಬ ಸಣ್ಣ ಚೀಲವನ್ನು ತೆಗೆದುಹಾಕಿದರೆ ಅವು ಪ್ರತಿಕಾಯಗಳನ್ನು ಉತ್ಪಾದಿಸಲಾರವೆಂದು 1956ರಲ್ಲಿ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆ ಚೀಲದ ಕೆಲಸವನ್ನು ನಮ್ಮಲ್ಲಿ ಮಜ್ಜೆಯೇ ನಿರ್ವಹಿಸುತ್ತದೆ. ಅಲ್ಲಿ ಎಳೆಯ ಕಣವು ತನ್ನ ವಂಶವಾಹಿಯ ತುಣುಕುಗಳಲ್ಲಿ, ಸುಮಾರು 40ರಲ್ಲಿ ಒಂದನ್ನು, 20ಕ್ಕೂ ಮೇಲ್ಪಟ್ಟವುಗಳಲ್ಲಿ ಇನ್ನೊಂದನ್ನು, 6ರಲ್ಲಿ ಮತ್ತೊಂದನ್ನು ಆಯ್ದು, ನಡುವಿನದನ್ನು ಕತ್ತರಿಸಿ ಎಸೆದು, ಹೂವಾಡಗಿತ್ತಿಯು ಬುಟ್ಟಿಯಿಂದ ಬಗೆಬಗೆಯ ಹೂವನ್ನೆತ್ತಿ ದಂಡೆ ಕಟ್ಟುವಂತೆ, ಪ್ರತಿಕಾಯದ ಭಾರವಾದ ಸರಪಳಿಯನ್ನು ಮೊದಲು ಹೆಣೆದುಕೊಂಡು, ತರುವಾಯ ಹಗುರವಾದ ಸರಪಳಿಯನ್ನು ಅದಕ್ಕೆ ಜೋಡಿಸಿಕೊಳ್ಳುತ್ತದೆ. ಈ ರಹಸ್ಯವನ್ನು ಬಿಡಿಸಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಪ್ರತಿ ಹಂತದಲ್ಲಿಯೂ ಪರೀಕ್ಷೆಯುಂಟು. 1952ರಲ್ಲಿ ಅಮೆರಿಕದ ಸೇನಾವೈದ್ಯ ಆಗ್ಡನ್ ಬ್ರೂಟನ್ ವರ್ಣಿಸಿದ, ಪದೇ ಪದೇ ಸೋಂಕಿಗೀಡಾಗುತ್ತಿದ್ದ 8 ವರ್ಷದ ಬಾಲಕನ ರಕ್ತದಲ್ಲಿ, ಪ್ರತಿಕಾಯಗಳನ್ನು ಒಳಗೊಂಡ ಗಾಮಾ ಗ್ಲಾಬ್ಯುಲಿನ್ ಎಂಬ ಅಂಶವೇ ಇರಲಿಲ್ಲ. ಭಾರದ ಸರಪಳಿ ಸಿದ್ಧವಾಯಿತೆಂಬ ಸಂದೇಶವನ್ನು ಕಣದೊಳಕ್ಕೆ ಮುಟ್ಟಿಸುವ ಕಿಣ್ವವೊಂದರ ದೋಷದಿಂದ ಇಂಥವರ ಬಿ ಕಣಗಳು ನಡುದಾರಿಯಲ್ಲಿಯೇ ನಿಂತುಹೋಗುತ್ತವೆಂಬುದು ತಿಳಿದದ್ದು 1993ರಲ್ಲಿ. ಈ ಹಂತವನ್ನು ದಾಟಿಯೂ ಸ್ವಂತ ದೇಹವನ್ನೇ ಶತ್ರುವೆಂದು ಹಿಡಿಯುವ ಕಣಗಳು ತಮ್ಮ ಸರಪಳಿಯನ್ನು ತಿದ್ದಿಕೊಳ್ಳಬೇಕು, ಇಲ್ಲವೆ ನಾಶವಾಗಬೇಕು. ಉಳಿದವು ಗುಲ್ಮದಲ್ಲಿ ಪ್ರೌಢತೆಯನ್ನು ಪಡೆಯುತ್ತವೆ.

ಮುಂದೆ ದುಗ್ಧಗ್ರಂಥಿಗಳಲ್ಲಿ ರೋಗಾಣುವಿನ ಕುರುಹು ಎದುರಾದಾಗ ನಡೆಯುವುದು ನನಗೆ ಎಲ್ಲಕ್ಕಿಂತ ವಿಸ್ಮಯಕರವಾಗಿ ಕಾಣುತ್ತದೆ. ಕಣವು ಶೀಘ್ರವಾಗಿ ವಿಭಜನೆಗೊಳ್ಳುತ್ತ, ತನ್ನ ಪ್ರತಿಕಾಯದ ವಂಶವಾಹಿಯನ್ನು ತಾನೇ ಗಾಯಗೊಳಿಸಿಕೊಂಡು ಮಾರ್ಪಡಿಸಿಕೊಳ್ಳುತ್ತದೆ; ರೋಗಾಣುವನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲವು ಬದುಕುತ್ತವೆ. ಲಸಿಕೆಯು ಫಲಕಾರಿಯಾಗುವುದು ಇದರಿಂದಲೇ. ಆದರೆ ವಂಶವಾಹಿಯನ್ನು ಕತ್ತರಿಸುವ ಈ ಕಾರ್ಯವು ತಪ್ಪು ಸ್ಥಳದಲ್ಲಿ ನಡೆದುಹೋದರೆ ಲಿಂಫೋಮಾಕ್ಕೆ ಬೀಜ ಬಿತ್ತಿದಂತೆಯೂ ಆಗಬಹುದು. ಗೆದ್ದ ಕಣಗಳಲ್ಲಿ ಕೆಲವು ಸ್ಮರಣಕಣಗಳಾಗಿ ಉಳಿಯುತ್ತವೆ. ಕೆಲವು ಪ್ಲಾಸ್ಮಾ ಕಣಗಳಾಗಿ, ಹುಟ್ಟಿದ ಮಜ್ಜೆಗೇ ಹಿಂದಿರುಗಿ ವರ್ಷಗಟ್ಟಲೆ ಪ್ರತಿಕಾಯಗಳನ್ನು ಸ್ರವಿಸುತ್ತವೆ.

ಬಿ ಕಣವು ಬಾಲ್ಯಾವಸ್ಥೆ ಮೊದಲ್ಗೊಂಡು ಪ್ರೌಢಾವಸ್ಥೆಯ ಪರ್ಯಂತ ಸಿಡಿ19 ಎಂಬ ಪ್ರೋಟೀನನ್ನು ಮೈಮೇಲೆ ಧರಿಸಿರುತ್ತದೆ. ಬೊಮ್ಮಸಂದ್ರದ ಚಿಕಿತ್ಸೆಯ ಗುರಿ ಇದೇ. ರೋಗಿಯ ರಕ್ತದಿಂದ ಟಿ ಕಣಗಳೆಂಬ ಇನ್ನೊಂದು ಬಗೆಯ ರಕ್ಷಕ ಕಣಗಳನ್ನು ಬೇರ್ಪಡಿಸಿ, ನಿರಪಾಯಗೊಳಿಸಿದ ವೈರಾಣುವಿನ ಮೂಲಕ ಸಿಡಿ19ನ್ನು ಗುರುತಿಸುವ ಶಕ್ತಿಯನ್ನು ಅವಕ್ಕೆ ತುಂಬಿ, ಬೆಳೆಸಿ, ಅದೇ ರೋಗಿಯ ರಕ್ತನಾಳಕ್ಕೆ ಹನಿಸುತ್ತಾರೆ. ಅವು ಅರ್ಬುದದ ಕಣಗಳನ್ನು ಕೊಲ್ಲುವುದರೊಂದಿಗೆ ನಿರ್ದೋಷಿಗಳಾದ ಬಿ ಕಣಗಳನ್ನೂ ಕೊಲ್ಲುತ್ತವೆ. ಆದರೆ ಮಜ್ಜೆಯಲ್ಲಿ ನೆಲೆಸಿದ ಹಳೆಯ ಪ್ಲಾಸ್ಮಾ ಕಣಗಳಲ್ಲಿ ಅನೇಕವು ಸಿಡಿ19ನ್ನು ಕಳಚಿಟ್ಟಿರುವುದರಿಂದ ಅವು ಪಾರಾಗುತ್ತವೆ. ಬಾಲ್ಯದ ಲಸಿಕೆಗಳ ಪ್ರತಿಕಾಯಗಳು ಎಷ್ಟೋ ಮಟ್ಟಿಗೆ ಉಳಿಯುವುದು ಹೀಗೆ. ಹೊಸ ಸೋಂಕಿಗೆ ಹೊಸ ಪ್ರತಿಕಾಯ ಹುಟ್ಟುವುದು ಮಾತ್ರ ದುಸ್ತರವಾದ್ದರಿಂದ, ಕೆಲವರಿಗೆ ಅನ್ಯರ ರಕ್ತದಿಂದ ಸಂಗ್ರಹಿಸಿದ ಪ್ರತಿಕಾಯಗಳನ್ನು, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಕೊಡಬೇಕಾಗುತ್ತದೆ. ರಕ್ತದ ಮೂಲಕಣಗಳಿಗೂ ಸಿಡಿ19ರ ಗುರುತಿಲ್ಲ. ಆದುದರಿಂದ ಕಾರ್-ಟಿ ಎನಿಸಿಕೊಳ್ಳುವ ಈ ಮಾರ್ಪಡಿಸಿದ ಟಿ ಕಣಗಳ ಪ್ರಭಾವ ತಗ್ಗಿದ ಮೇಲೆ, ತಿಂಗಳುಗಳೊ ವರ್ಷಗಳೊ ಕಳೆದ ನಂತರ, ಮಜ್ಜೆಯು ಹೊಸ ಬಿ ಕಣಗಳನ್ನು ಮೊದಲಿನಿಂದ ಬೆಳೆಸತೊಡಗುತ್ತದೆ.