ಶಬ್ದ ಹೊರಗೆ ಹೋಗಬಾರದು, ಸರಿ. ಜನ ಹೋಗಬೇಕಲ್ವಾ?

ಮನೆ ಪಕ್ಕದಲ್ಲೇ ಪಬ್ ಬಂದ ಬಡಾವಣೆಗಳಲ್ಲಿ ಜಗಳ ಶುರುವಾಗೋದು ಸಾಮಾನ್ಯವಾಗಿ ಶಬ್ದದಿಂದ. ಇಂದಿರಾನಗರದ ನಿವಾಸಿಗಳು ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ, ಅವರ ದೂರು ನ್ಯಾಯವಾದದ್ದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬೆಲ್ ಮೀರುವಂತಿಲ್ಲ. ಪೊಲೀಸರು ಎರಡು ಸಲ ಬಂದು ಹೋದರೆ ಮಾಲೀಕರ ಕಣ್ಣಿಗೆ ಬೀಳುವ ಅಗ್ಗದ ಪರಿಹಾರ ಎರಡು: ಹಿಂಬಾಗಿಲಿಗೆ ಬೀಗ, ಗೋಡೆಗೆ ಫೋಮ್.

ಎರಡೂ ಜೀವ ತೆಗೆದಿವೆ.

ಅಮೆರಿಕದ ರೋಡ್ ಐಲೆಂಡ್‌ನಲ್ಲಿ 'ದ ಸ್ಟೇಷನ್' ಅಂತ ಒಂದು ನೈಟ್‌ಕ್ಲಬ್ ಇತ್ತು. ಅಕ್ಕಪಕ್ಕದವರು ಸದ್ದಿನ ಬಗ್ಗೆ ದೂರಿದ್ದಕ್ಕೆ ವೇದಿಕೆಯ ಸುತ್ತ ಪಾಲಿಯುರಿಥೇನ್ ಫೋಮ್ ಅಂಟಿಸಿದ್ದರು. 2003ರ ಫೆಬ್ರವರಿ 20ರ ರಾತ್ರಿ ಬ್ಯಾಂಡ್‌ನವರು ಹಚ್ಚಿದ ಪಟಾಕಿಯ ಕಿಡಿ ಅದಕ್ಕೆ ತಾಗಿತು. ಸುಮಾರು ಒಂದೂವರೆ ನಿಮಿಷದಲ್ಲಿ ಒಳಗೆ ಉಸಿರಾಡಲಾಗದ ಸ್ಥಿತಿ. ಬೇರೆ ಬಾಗಿಲುಗಳಿದ್ದರೂ ಹೆಚ್ಚಿನವರು ತಾವು ಒಳಬಂದ ಮುಂಬಾಗಿಲಿಗೇ ನುಗ್ಗಿ ಅಲ್ಲೇ ಸಿಕ್ಕಿಹಾಕಿಕೊಂಡರು. ಸತ್ತವರು 100 ಮಂದಿ. ಹತ್ತು ವರ್ಷದ ನಂತರ, 2013ರ ಜನವರಿ 27ರಂದು, ಬ್ರೆಜಿಲ್‌ನ ಸಾಂಟಾ ಮರಿಯಾದ 'ಕಿಸ್' ಕ್ಲಬ್‌ನಲ್ಲಿ ಬಹುತೇಕ ಅದೇ ಕಥೆ: ಚಾವಣಿಯಲ್ಲಿ ಅದೇ ಬಗೆಯ ಫೋಮ್, ವೇದಿಕೆಯಿಂದ ಹಾರಿದ ಕಿಡಿ, ಹೊರಹೋಗೋಕೆ ಒಂದೇ ದಾರಿ. ಬಿಲ್ ಕಟ್ಟದೆ ಓಡ್ತಿದ್ದಾರೆ ಅಂದುಕೊಂಡು ಸಿಬ್ಬಂದಿ ಮೊದಲು ತಡೆದರು ಎಂದು ಬದುಕುಳಿದವರು ಹೇಳಿದರು. 242 ಸಾವು.

ಎಂಜಿನಿಯರಿಂಗ್ ಓದಿದವನಾಗಿ ನನ್ನನ್ನು ಹೆಚ್ಚು ಕೆರಳಿಸುವ ಸಂಗತಿ ಏನಂದ್ರೆ, ಫೋಮ್ ಶಬ್ದವನ್ನು ಹೊರಗೆ ಹೋಗದಂತೆ ತಡೆಯುವುದೇ ಇಲ್ಲ. ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತೆ, ಅಷ್ಟೇ. (ಮೊಟ್ಟೆ ಟ್ರೇ ಅಂಟಿಸುವವರಿಗೂ ಇದೇ ಉತ್ತರ.) ಶಬ್ದ ತಡೆಯೋಕೆ ಬೇಕಾದ್ದು ತೂಕ, ಮತ್ತು ಸಂದಿಲ್ಲದ ಮುಚ್ಚುಗೆ. ಗೋಡೆಗೆ ತೂಕ ಇದ್ದೇ ಇರುತ್ತೆ. ಸೋರುವುದು ಬಾಗಿಲಲ್ಲಿ.

ಒಂದು ಲೆಕ್ಕ ಹಾಕಿ. ಬಾಗಿಲು 1 ಮೀಟರ್ ಅಗಲ, 2 ಮೀಟರ್ ಎತ್ತರ. ಕೆಳಗೆ 1 ಸೆಂಟಿಮೀಟರ್ ಸಂದಿ ಇದೆ ಅಂದುಕೊಳ್ಳಿ. ಅದು ಬಾಗಿಲಿನ ವಿಸ್ತೀರ್ಣದ ಇನ್ನೂರರಲ್ಲಿ ಒಂದು ಭಾಗ. ಆದರೆ ಡೆಸಿಬೆಲ್ ಲಾಗರಿದಮ್ ಅಳತೆ ಆದ್ದರಿಂದ, ಉಳಿದ ಭಾಗವನ್ನು ಸೀಸದಿಂದ ಮಾಡಿದರೂ ಈ ಬಾಗಿಲು ಸುಮಾರು 23 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಒಳಗೆ 100 ಇದ್ದರೆ ಬಾಗಿಲಾಚೆ 77. ಅಂದ್ರೆ ಹಣ ಸುರಿಯಬೇಕಾದ್ದು ಹಲಗೆಯ ದಪ್ಪಕ್ಕಿಂತ ಮೊದಲು ಅಂಚಿನ ಸೀಲಿಗೆ.

ಇಲ್ಲೇ ಶಬ್ದದ ವಾದವೂ ಬೆಂಕಿಯ ವಾದವೂ ಒಂದಾಗುತ್ತವೆ. ಶಬ್ದ ಸೋರುವ ಸಂದಿಯಲ್ಲೇ ಹೊಗೆಯೂ ಸೋರುತ್ತೆ. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ? 2010ರ ಫೆಬ್ರವರಿ 23. ಒಂಬತ್ತು ಜನ ಸತ್ತರು. ಜನರನ್ನು ಕಿಟಕಿಯಿಂದ ಹಾರುವಂತೆ ಮಾಡಿದ್ದು ಕಟ್ಟಡ ತುಂಬಿದ ಹೊಗೆ. ತುರ್ತು ದಾರಿಗಳಿಗೆ ಬೀಗ ಬಿದ್ದಿತ್ತು ಎಂದೂ ಆಗ ವರದಿಯಾಯಿತು. ಫೈರ್ ಡೋರ್‌ಗಳ ಅಂಚಿನಲ್ಲಿ ಬಿಸಿಗೆ ಉಬ್ಬುವ ಪಟ್ಟಿ ಇರುತ್ತೆ, ಆದರೆ ಅದು ಉಬ್ಬುವಷ್ಟು ಬಿಸಿ ಬರುವ ಮೊದಲೇ ತಣ್ಣನೆ ಹೊಗೆ ದಾಟಿ ಬಂದಿರುತ್ತೆ. ಆ ಹೊಗೆಯನ್ನು ತಡೆಯೋಕೆ ಬೇಕಾದ್ದು ರಬ್ಬರ್ ಅಥವಾ ಬ್ರಷ್ ಸೀಲ್. ಒಳ್ಳೆ ರಬ್ಬರ್ ಸೀಲ್ ಪಬ್ಬಿನ ಸದ್ದನ್ನೂ ಪೂರ್ತಿ ಅಲ್ಲದಿದ್ದರೂ ಸಾಕಷ್ಟು ತಗ್ಗಿಸುತ್ತೆ, ಬೇಸ್ ಸದ್ದನ್ನು ಮಾತ್ರ ಅಷ್ಟಾಗಿ ತಡೆಯಲ್ಲ. ಬಾಗಿಲೊಳಗೆ ತುಂಬುವ ರಾಕ್‌ವೂಲ್ ಕೂಡ ಹಾಗೆಯೇ: ಉರಿಯೋದಿಲ್ಲ, ಸದ್ದನ್ನೂ ನುಂಗುತ್ತೆ.

ಹಾಗಾದ್ರೆ ಸಮಸ್ಯೆ ಎಲ್ಲಿ? ತೆರೆಯುವುದರಲ್ಲಿ. ಭಾರದ ಹಲಗೆ, ಬಿಗಿಯಾದ ಸೀಲ್, ಅದನ್ನು ಮುಚ್ಚೋಕೆ ಬಲವಾದ ಕ್ಲೋಸರ್ ಸೇರಿದರೆ ಬಾಗಿಲು ತಳ್ಳೋದು ಕಷ್ಟವಾಗುತ್ತೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ಥಿಯೇಟರ್‌ನಲ್ಲಿ 602 ಜನ ಸತ್ತಾಗ ಬಾಗಿಲುಗಳಿದ್ದವು. ಕೆಲವು ಒಳಮುಖವಾಗಿ ತೆರೆಯುತ್ತಿದ್ದವು, ಕೆಲವಕ್ಕೆ ಜನ ಎಂದೂ ಕಂಡಿರದ ಬಗೆಯ ಚಿಲಕ. ಪ್ಯಾನಿಕ್ ಬಾರ್ ಹುಟ್ಟಿದ್ದು ಆ ದುರಂತದ ನಂತರ: ಎದೆಯಿಂದ ಒತ್ತಿದರೂ ಚಿಲಕ ಬಿಡುವ ಅಡ್ಡಪಟ್ಟಿ. ಯುರೋಪಿನ ಇಎನ್ 1125 ಮಾನದಂಡದಲ್ಲಿ ಅದನ್ನು ಬಿಡಿಸಲು 80 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. ಸುಮಾರು 8 ಕೆಜಿ ಭಾರದಷ್ಟು, ಶಾಲಾ ಮಗುವೂ ಮೈಭಾರ ಹಾಕಿ ತಳ್ಳಬಹುದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತೆ: ಹೊರದಾರಿಯ ಬಾಗಿಲು ಹೊರಮುಖವಾಗಿ ತೆರೆಯಬೇಕು, ಒಳಗಿನವರಿಗೆ ಕೀಲಿ ಬೇಕಾಗಬಾರದು, ಅಗಲ ಕನಿಷ್ಠ 1 ಮೀಟರ್, ಜನ ಸೇರುವ ಕಟ್ಟಡಗಳಲ್ಲಿ 2 ಮೀಟರ್.

ಶಬ್ದವೂ ಬೇಡ, ಬಾಗಿಲೂ ಹಗುರಾಗಿರಬೇಕು ಅಂದ್ರೆ ಹಳೆಯ ಉಪಾಯ ಒಂದಿದೆ. ಒಂದೇ ರಾಕ್ಷಸ ಬಾಗಿಲಿನ ಬದಲು ನಡುವೆ ಸಣ್ಣ ಲಾಬಿ ಬಿಟ್ಟು ಎರಡು ಸಾಧಾರಣ ಬಾಗಿಲು. ರೆಕಾರ್ಡಿಂಗ್ ಸ್ಟುಡಿಯೋಗಳು ಮಾಡುವುದು ಇದನ್ನೇ. ಒಬ್ಬರು ಹೊರಗೆ ಹೋಗುವಾಗ ಒಂದು ತೆರೆದರೂ ಇನ್ನೊಂದು ಮುಚ್ಚಿರುತ್ತೆ. ಎರಡೂ ಹೊರಮುಖವಾಗಿರಬೇಕು, ಎರಡಕ್ಕೂ ಬಾರ್ ಬೇಕು, ಲಾಬಿಯಲ್ಲಿ ಬಿಯರ್ ಕ್ರೇಟ್ ಜೋಡಿಸಬಾರದು. ಕೊನೆಯದು ತಮಾಷೆಗೆ ಹೇಳಿದ್ದಲ್ಲ.

ಕೆಳಗಿನ ಸಂದಿಗೆ ಹೊಸ್ತಿಲು ಎತ್ತರಿಸುವ ಬದಲು, ಬಾಗಿಲು ಮುಚ್ಚಿದಾಗ ತಾನಾಗಿ ಇಳಿಯುವ ಸೀಲ್ ಸಿಗುತ್ತೆ. ಎತ್ತರದ ಹೊಸ್ತಿಲು ಕತ್ತಲಲ್ಲಿ ಎಡವಿಸುತ್ತೆ, ವೀಲ್‌ಚೇರ್ ನಿಲ್ಲಿಸುತ್ತೆ. ಬಿಲ್ ತಪ್ಪಿಸಿ ಓಡ್ತಾರೆ ಅನ್ನೋ ಭಯಕ್ಕೂ ಮದ್ದಿದೆ: ಒತ್ತಿದೊಡನೆ ಕಿರುಚುವ ಅಲಾರಂ ಇರುವ ಬಾರ್. ಬಾಗಿಲು ತೆರೆಯುತ್ತೆ, ಆದರೆ ಗುಟ್ಟಾಗಿ ತೆರೆಯಲ್ಲ.

ಮಾಲೀಕರು ಎಡವುವ ಇನ್ನೊಂದು ಜಾಗ: ಪ್ರಮಾಣಪತ್ರ ಇರುವ ಫೈರ್ ಡೋರ್ ತಂದು ಆಮೇಲೆ ಅದರ ಮೇಲೆ ಫೋಮ್ ಹಲಗೆ ಹೊಡೆಯೋದು, ಹೊಸ ಬೀಗಕ್ಕೆ ರಂಧ್ರ ಕೊರೆಯೋದು. ಪರೀಕ್ಷೆ ಆಗಿರೋದು ಹಲಗೆಗೆ ಮಾತ್ರ ಅಲ್ಲ. ಚೌಕಟ್ಟು, ಕೀಲು, ಸೀಲ್, ಕ್ಲೋಸರ್ ಎಲ್ಲ ಸೇರಿದ ಒಂದು ಜೋಡಣೆಗೆ. ಬದಲಾಯಿಸಿದ ಮೇಲೆ ಆ ಪ್ರಮಾಣಪತ್ರ ನಿಮ್ಮ ಕೈಲಿರೋ ಬಾಗಿಲಿನದ್ದಲ್ಲ.

ಆಡಳಿತದ ವಿಷಯಕ್ಕೆ ಬಂದ್ರೆ, ಪರಿಶೀಲನೆ ನಡೆಯೋದು ಒಂದು ಹಗಲು, ಬೀಗ ಬೀಳೋದು ಅದಾದ ಮೇಲಿನ ಯಾವುದೋ ಶನಿವಾರ ರಾತ್ರಿ. ಶಬ್ದದ ದೂರಿಗೆ ಬರುವ ಪೊಲೀಸರು ಹಿಂಬಾಗಿಲು ಮುಚ್ಚಿಸಿ ಹೊರಟರೆ, ಅದನ್ನು ತೆರೆದಿಡಿಸಬೇಕಾದ ಅಗ್ನಿಶಾಮಕ ಇಲಾಖೆಗೆ ಗೊತ್ತೇ ಆಗಲ್ಲ. ನಿಮ್ಮ ಬಡಾವಣೆಯ ಪಬ್ ವಿರುದ್ಧ ದೂರು ಬರೆಯುವುದಿದ್ದರೆ ಬರೆಯಿರಿ, ಆದರೆ 'ಬಾಗಿಲು ಮುಚ್ಚಿಸಿ' ಅನ್ನೋ ಬದಲು 'ಸೀಲ್ ಇರುವ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು ಹಾಕಿಸಿ' ಅಂತ ಬರೆದು, ಪ್ರತಿಯೊಂದನ್ನು ಅಗ್ನಿಶಾಮಕ ಇಲಾಖೆಗೂ ಕಳಿಸಿ. ಆ ಕಟ್ಟಡಕ್ಕೆ ಕೊಟ್ಟಿರುವ ಎನ್‌ಒಸಿಯ ಷರತ್ತುಗಳನ್ನು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಉತ್ತರಕ್ಕೆ ಅವರಿಗಿರುವ ಗಡುವು 30 ದಿನ.