ಖಂಡಾಂತರ ಚತುರಂಗ ಬಲ

2020ರ ಆಗಸ್ಟ್ 30. ಆನ್‌ಲೈನ್ ಚೆಸ್ ಒಲಿಂಪಿಯಾಡ್‌ನ ಫೈನಲ್‌ನಲ್ಲಿ ಭಾರತ ಮತ್ತು ರಷ್ಯಾ ಮುಖಾಮುಖಿ. ಆದರೆ ಭವ್ಯ ಸಭಾಂಗಣವಿಲ್ಲ, ಮೇಜಿನ ಆಚೆ ಈಚೆ ಕುರ್ಚಿಗಳಿಲ್ಲ, ಆಟಕ್ಕೆ ಮೊದಲು ಕೈಕುಲುಕುವ ಸಂಪ್ರದಾಯವೂ ಇಲ್ಲ. ಭಾರತ ತಂಡದವರು ಬೇರೆ ಬೇರೆ ಊರುಗಳಲ್ಲಿ, ಕಂಪ್ಯೂಟರ್ ಪರದೆಯ ಮುಂದೆ. ನಾಯಕ ವಿದಿತ್ ಗುಜರಾತಿಯ ಪಡೆಯಲ್ಲಿ ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಇದ್ದರು, ಕೊನೇರು ಹಂಪಿ ಇದ್ದರು, ಹದಿಹರೆಯದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಕೂಡ ಇದ್ದರು. ಆರು ಬೋರ್ಡುಗಳಲ್ಲಿ ಪುರುಷರು, ಮಹಿಳೆಯರು, ಕಿರಿಯ ಹುಡುಗ ಹುಡುಗಿಯರು ಒಂದೇ ತಂಡವಾಗಿ ಆಡಿದ ಅಪೂರ್ವ ವಿನ್ಯಾಸವದು. ಮೊದಲ ಪಂದ್ಯ 3–3ರಲ್ಲಿ ಸಮವಾಯಿತು. ಎರಡನೆಯದರಲ್ಲಿ ನಿಹಾಲ್ ಮತ್ತು ದಿವ್ಯಾ ಅವರ ಸಂಪರ್ಕ ಹಠಾತ್ತನೆ ಕಡಿದು, ಗಡಿಯಾರ ಓಡಿ, ಎರಡೂ ಆಟ ಕೈತಪ್ಪಿದವು. ದೋಷ ಜಾಗತಿಕ ಅಂತರ್ಜಾಲದ್ದೆಂದು ತಿಳಿದಾಗ ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷ ಅರ್ಕಾಡಿ ದ್ವೋರ್ಕೊವಿಚ್ ಎರಡೂ ದೇಶಗಳಿಗೆ ಚಿನ್ನವನ್ನು ಘೋಷಿಸಿದರು.

ಸಾಂಕ್ರಾಮಿಕದ ಆ ವರ್ಷ ಇಡೀ ಜಗತ್ತಿನ ಕಣ್ಣಿಗೆ ಬಿದ್ದ ಈ ವಿಸ್ಮಯ, ಚೆಸ್ ಲೋಕಕ್ಕೆ ಹೊಸದೇನೂ ಆಗಿರಲಿಲ್ಲ. ದೂರದೂರದಲ್ಲಿ ಕುಳಿತು ತಂಡವಾಗಿ ಆಡುವ ಹಂಬಲಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೊ ನಗರಗಳ ಕ್ಲಬ್‌ಗಳು ಅಂಚೆಯ ಮೂಲಕ ಪಂದ್ಯ ಹೂಡಿದವು. ನಡೆಯೊಂದನ್ನು ಸದಸ್ಯರೆಲ್ಲ ಸೇರಿ ಚರ್ಚಿಸಿ, ಪತ್ರ ಬರೆದು, ಉತ್ತರಕ್ಕೆ ಕಾಯಬೇಕು. 1828ರವರೆಗೆ ನಡೆದ ಆ ಸೆಣಸಾಟದಲ್ಲಿ ಎಡಿನ್‌ಬರೊ ಗೆದ್ದಿತು; ಇಂದಿಗೂ ಮಕ್ಕಳು ಕಲಿಯುವ ‘ಸ್ಕಾಚ್’ ಆರಂಭಕ್ಕೆ ಆ ಹೆಸರು ಬಂದದ್ದು ಅಲ್ಲಿಂದಲೇ. 1897ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಮತ್ತು ಅಮೆರಿಕದ ಜನಪ್ರತಿನಿಧಿ ಸಭೆಯ ಸದಸ್ಯರು ಅಟ್ಲಾಂಟಿಕ್ ಸಾಗರದಡಿಯ ತಂತಿಯ ಮೂಲಕ ಆಡಿ 2½–2½ ಅಂಕಗಳಲ್ಲಿ ಸಮ ಮಾಡಿಕೊಂಡರು. ರಾಜಕಾರಣಿಗಳ ಪಂದ್ಯ ಸಮವಾಗಿ ಮುಗಿದದ್ದೇ ಕ್ಷೇಮ!

ಈ ಪರಂಪರೆಯ ಶಿಖರವೆಂದರೆ 1945ರ ಸೆಪ್ಟೆಂಬರ್‌ನ ರೇಡಿಯೋ ಪಂದ್ಯ. ಎರಡನೇ ಮಹಾಯುದ್ಧದ ಹೊಗೆ ಇನ್ನೂ ಆರಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಅಮೆರಿಕದ ಹತ್ತು ಮಂದಿ, ಮಾಸ್ಕೋದಲ್ಲಿ ಸೋವಿಯತ್ ಒಕ್ಕೂಟದ ಹತ್ತು ಮಂದಿ; ಪ್ರತಿ ನಡೆಯೂ ಸಂಕೇತಾಕ್ಷರಗಳಾಗಿ ರೇಡಿಯೋ ತರಂಗಗಳಲ್ಲಿ ಸಾಗಬೇಕಿತ್ತು. ಮೊದಲ ಬೋರ್ಡಿನಲ್ಲಿ ಸೋವಿಯತ್‌ನ ಬೋತ್ವಿನಿಕ್, ಎರಡನೆಯದರಲ್ಲಿ ಸ್ಮಿಸ್ಲೋವ್ ತಮ್ಮ ಎರಡೆರಡು ಆಟಗಳನ್ನೂ ಗೆದ್ದರು. ಅಂತಿಮ ಅಂಕ ಸೋವಿಯತ್ ಪರ 15½–4½. ಮುಂದಿನ ದಶಕಗಳ ಸೋವಿಯತ್ ಚೆಸ್ ಸಾಮ್ರಾಜ್ಯದ ನಾಂದಿ ಮೊಳಗಿದ್ದು ಆ ನಾಲ್ಕು ದಿನಗಳಲ್ಲಿ.

ಅಂತರ್ಜಾಲ ಬಂದಾಗ ಈ ವೈಭವ ಸಾಮಾನ್ಯನ ಕೈಗೆಟುಕಿತು. 1992ರಲ್ಲಿ ಆರಂಭವಾದ ಇಂಟರ್‌ನೆಟ್ ಚೆಸ್ ಸರ್ವರ್ 1995ರಲ್ಲಿ ಶುಲ್ಕ ವಿಧಿಸುವ ವಾಣಿಜ್ಯ ಸಂಸ್ಥೆಯಾಯಿತು. ಅದನ್ನು ಒಪ್ಪದವರು ಅದೇ ವರ್ಷ ಉಚಿತ ಸರ್ವರ್ ಕಟ್ಟಿಕೊಂಡರು. ಈ ಸರ್ವರ್‌ಗಳ ಮಡಿಲಲ್ಲಿ ಸ್ವಯಂಸೇವಕರು ಬೆಳೆಸಿದ ‘45+45’ ತಂಡ ಲೀಗ್‌ಗಳು ಆನ್‌ಲೈನ್ ಚೆಸ್‌ನ ಅತ್ಯಂತ ಗಂಭೀರ ಕೊಡುಗೆಯೆಂದರೆ ಉತ್ಪ್ರೇಕ್ಷೆಯಲ್ಲ. ಆಟದ ಆರಂಭಕ್ಕೆ ಒಬ್ಬೊಬ್ಬರಿಗೆ 45 ನಿಮಿಷ, ಪ್ರತಿ ನಡೆಗೆ ಮತ್ತೆ 45 ಸೆಕೆಂಡ್. ನಲವತ್ತು ನಡೆಗಳ ಆಟಕ್ಕೆ ಒಬ್ಬರಿಗೆ 75 ನಿಮಿಷ ದಕ್ಕುತ್ತದೆ. ಇಬ್ಬರದೂ ಸೇರಿದರೆ ಎರಡೂವರೆ ಗಂಟೆಯ ತಪಸ್ಸು. ಮೂರು ನಿಮಿಷದ ಬ್ಲಿಟ್ಜ್ ಆಡಿ ಆಡಿ ಬೆರಳ ವೇಗವನ್ನೇ ಬುದ್ಧಿಯೆಂದು ಭಾವಿಸಿದ ತಲೆಮಾರಿಗೆ ಇದಕ್ಕಿಂತ ಮಿಗಿಲಾದ ಪಾಠಶಾಲೆ ಇಲ್ಲ.

ಇಂದು ಈ ಪದ್ಧತಿಯ ಜೀವಂತ ಉದಾಹರಣೆ ‘ಲಿಚೆಸ್4545’ ಲೀಗ್. ಫ್ರಾನ್ಸ್‌ನ ತಿಬೊ ದ್ಯುಪ್ಲೆಸ್ಸಿ 2010ರಲ್ಲಿ ರೂಪಿಸಿದ ಲಿಚೆಸ್ ತಾಣಕ್ಕೆ ಜಾಹೀರಾತಿಲ್ಲ, ಶುಲ್ಕವಿಲ್ಲ, ನಡೆಯುವುದು ದೇಣಿಗೆಯಿಂದ. ಅಲ್ಲಿನ ಆಟಗಾರರಿಗಾಗಿ ಸ್ವಯಂಸೇವಕರೇ ನಡೆಸುವ ಈ ಲೀಗ್‌ನಲ್ಲಿ ವಾರಕ್ಕೊಂದೇ ಆಟ. ತಂಡಗಳ ಸರಾಸರಿ ರೇಟಿಂಗ್ ಹೆಚ್ಚುಕಡಿಮೆ ಸಮವಾಗಿರುವಂತೆ ಸಂಘಟಕರು ಆಟಗಾರರನ್ನು ಹಂಚುತ್ತಾರೆ. ಮೊದಲ ಬೋರ್ಡಿನಲ್ಲಿ ನುರಿತ ಆಟಗಾರ, ಕೊನೆಯ ಬೋರ್ಡಿನಲ್ಲಿ ಈಗಷ್ಟೇ ಪಳಗುತ್ತಿರುವವರು. ಆದರೆ ಇಬ್ಬರ ಗೆಲುವಿಗೂ ಸಿಗುವುದು ಒಂದೇ ಅಂಕ. ಇಡೀ ವ್ಯವಸ್ಥೆಯ ಸೌಂದರ್ಯ ಅಡಗಿರುವುದು ಈ ಸಮತೆಯಲ್ಲಿ. ತನ್ನ ಸೋಲು ತನ್ನೊಬ್ಬನದಲ್ಲ ಎಂದು ಅರಿತವನು ಹದಿನೈದನೇ ನಡೆಗೇ ಅವಸರದ ಬಲಿಕೊಡುಗೆಗೆ ಕೈಹಾಕುವುದಿಲ್ಲ.

ಆಟಕ್ಕೂ ಮುನ್ನ ಇನ್ನೊಂದು ಆಟವಿದೆ: ಎದುರಾಳಿಯೊಡನೆ ಸಮಯ ಹೊಂದಿಸುವುದು. ಬೆಂಗಳೂರಿನ ರಾತ್ರಿ ಎಂಟೂವರೆ ಎಂದರೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ನಡುಮಧ್ಯಾಹ್ನ. ಇವರ ರಾತ್ರಿಯೂಟ, ಅವರ ಕಚೇರಿ, ಎರಡನ್ನೂ ಸರಿದೂಗಿಸಿ ಗಂಟೆ ಗೊತ್ತುಮಾಡಬೇಕು. ಮಾತುಕೊಟ್ಟು ಬಾರದಿದ್ದರೆ ಅಂಕ ಎದುರಾಳಿ ತಂಡಕ್ಕೆ. ಬರಲಾಗದವರು ಮೊದಲೇ ತಿಳಿಸಿದರೆ ಬದಲಿ ಆಟಗಾರ ಸಿದ್ಧ.

ಇಂಥದೊಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಅಂಕಗಳು ಸಮಸಮ, ಉಳಿದಿರುವುದು ಒಂದೇ ಆಟ. ಎದುರಾಳಿಗೆ ಆನೆ ಮತ್ತು ಕಾಲಾಳು, ನಮ್ಮವನಿಗೆ ಬರೀ ಆನೆ. ಸೋತರೆ ಪಂದ್ಯವೇ ಹೋಯಿತು. ಆದರೆ ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡಾರ್ ತೋರಿಸಿಕೊಟ್ಟ ರಕ್ಷಣೆ ತಿಳಿದಿದ್ದರೆ ಭಯವಿಲ್ಲ. ರಾಜನನ್ನು ಕಾಲಾಳಿನ ಎದುರಿಗೆ ಕೊನೆಯ ಸಾಲಿನಲ್ಲಿರಿಸಿ, ಆನೆಯನ್ನು ತನ್ನ ಕಡೆಯಿಂದ ಮೂರನೇ ಅಡ್ಡಸಾಲಿನಲ್ಲಿ ಕಾವಲಿಗೆ ನಿಲ್ಲಿಸಬೇಕು. ಎದುರಾಳಿಯ ರಾಜ ಆ ಸಾಲನ್ನು ತುಳಿಯಲಾರ. ಕಾಲಾಳು ಆ ಸಾಲಿಗೆ ಬಂದ ಕ್ಷಣ ಆನೆ ಬೋರ್ಡಿನ ಆಚೆ ತುದಿಗೆ ಧಾವಿಸಿ, ಹಿಂದಿನಿಂದ ಒಂದರ ಮೇಲೊಂದು ಚೆಕ್ ಕೊಡುತ್ತದೆ. ಅಡಗಲು ಎಡೆಯಿಲ್ಲದ ರಾಜ ಡ್ರಾ ಒಪ್ಪಲೇಬೇಕು. ಪುಸ್ತಕದಲ್ಲಿ ಓದಿ ಮರೆಯುವ ಈ ವಿದ್ಯೆ, ತಂಡದ ಅರ್ಧ ಅಂಕಕ್ಕಾಗಿ ಒಮ್ಮೆ ಹೋರಾಡಿದವನಿಗೆ ಮರೆತುಹೋಗದು.

ಆಟದ ನಡುವೆ ಸಲಹೆ ನೀಡುವುದು ಸರ್ವಥಾ ನಿಷಿದ್ಧ. ಮುಗಿದ ಮೇಲೆ ಮಾತ್ರ ತಂಡದ ನಿಜವಾದ ತರಗತಿ ಆರಂಭ. ಸ್ಟಾಕ್‌ಫಿಶ್ ಎಂಬ ಗಣಕ ತಂತ್ರಾಂಶ ಪ್ರಮಾದಗಳ ಮೇಲೆ ನಿರ್ದಾಕ್ಷಿಣ್ಯವಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಒತ್ತುತ್ತದೆ. ಆದರೆ ಆ ಕ್ಷಣದಲ್ಲಿ ಮನಸ್ಸು ಏಕೆ ಹಾಗೆ ಯೋಚಿಸಿತೆಂಬುದನ್ನು ಯಂತ್ರ ಹೇಳಲಾರದು. ಅದನ್ನು ಮೇಲಿನ ಬೋರ್ಡಿನ ಸಹಆಟಗಾರ ಬಿಡಿಸಿ ಹೇಳಬಲ್ಲ.

ಆಟದ ನಡುವೆ ಕದ್ದು ನೆರವು ಪಡೆಯಬಹುದಾದ್ದರಿಂದ ಇದೇ ಯಂತ್ರ ಶಾಪವೂ ಹೌದು. ನಗರ ಅಥವಾ ದೇಶದ ಹೆಸರಿನ ತಂಡಗಳು ಆಡುತ್ತಿದ್ದ ‘ಪ್ರೊ ಚೆಸ್ ಲೀಗ್’ನ 2020ರ ಫೈನಲ್‌ನಲ್ಲಿ ಗೆದ್ದಿದ್ದ ಅರ್ಮೇನಿಯಾ ಈಗಲ್ಸ್ ತಂಡ, ಆಟಗಾರನೊಬ್ಬನ ನಿಯಮೋಲ್ಲಂಘನೆಯಿಂದ ಅನರ್ಹಗೊಂಡು, ಪ್ರಶಸ್ತಿ ಸೇಂಟ್ ಲೂಯಿಸ್ ತಂಡಕ್ಕೆ ಸಂದಿತು. ಒಬ್ಬನ ಅಕ್ರಮಕ್ಕೆ ತಂಡವೆಲ್ಲ ದಂಡ ತೆತ್ತಿತು.

ನಮ್ಮ ನಾಡಿಗೆ ಈ ಆನ್‌ಲೈನ್ ಲೀಗ್‌ಗಳ ಮಹತ್ವ ಬೇರೆಯದೇ. ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರಿಗಾಗಿ 2017ರವರೆಗೆ ಕಾಯಬೇಕಾಯಿತು. ಬೀದರ್‌ನಲ್ಲೋ ಶಿರಸಿಯಲ್ಲೋ ಇರುವ ಬಾಲಕಿಗೆ ತನಗಿಂತ ಬಲಿಷ್ಠ ಎದುರಾಳಿ ಬೇಕೆಂದರೆ ಬಸ್ಸು, ವಸತಿ, ಪ್ರವೇಶ ಶುಲ್ಕ ಎಲ್ಲ ಸೇರಿ ಮನೆಯವರ ಲೆಕ್ಕ ತಪ್ಪುತ್ತದೆ. ಲೀಗ್ ಆಡಿದರೆ ಫಿಡೆಯ ಅಧಿಕೃತ ರೇಟಿಂಗ್ ದೊರೆಯದು, ಅದು ಅದರ ಮಿತಿ. ಆದರೆ ಅಧಿಕೃತ ಟೂರ್ನಿಯಲ್ಲಿ ಕುಳಿತುಕೊಳ್ಳಲು ಬೇಕಾದ ಸಂಯಮ, ಕಡಿಯದ ಅಂತರ್ಜಾಲ ಸಂಪರ್ಕವೊಂದಿದ್ದರೆ, ಮನೆಯಲ್ಲೇ ಲಭ್ಯ.

ಲಿಚೆಸ್4545ರ ಸುಮಾರು ಎರಡು ತಿಂಗಳ ಋತು ಮುಗಿಯುತ್ತಿದ್ದಂತೆ ತಂಡಗಳು ವಿಸರ್ಜನೆಯಾಗುತ್ತವೆ. ಹೊಸ ನೋಂದಣಿಯಲ್ಲಿ ಯಾರೊಡನೆ ಆಡಲು ಇಷ್ಟವೆಂದು ಬರೆದುಕೊಡುವ ಅವಕಾಶವಿದೆ. ಕಳೆದ ಋತುವಿನಲ್ಲಿ ತನ್ನನ್ನು ಸೋಲಿಸಿದವನ ಹೆಸರನ್ನೇ ಅಲ್ಲಿ ಬರೆಯುವುದಕ್ಕೂ ಅಡ್ಡಿಯಿಲ್ಲ.