ಕಾಣದ ಗುಂಡು, ಕಾಣೆಯಾದ ಚಿತ್ರ

ಮಳೆ ಸುರಿಯುವ ರಾತ್ರಿ. ಬಂಡೆಯ ಮರೆಯಲ್ಲಿ ಇಬ್ಬರು ಬೆಂಕಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾರೆ. ನೆನೆದು ತೊಪ್ಪೆಯಾದ ಮೂರನೆಯವನೊಬ್ಬ ನಡೆದುಕೊಂಡೇ ಬರುತ್ತಾನೆ. ಕುದುರೆ ಎಲ್ಲಿ ಎಂದರೆ, ಇಂಡಿಯನ್ನರು ತಿಂದುಹಾಕಿದರು ಎನ್ನುತ್ತಾನೆ, ನಗದೆ. ಮಾತು ಹಿಂದಿನ ಊರಿನ ಕೊಲೆಯತ್ತ ಹೊರಳಿದ್ದೇ ಕಾಫಿ ಕುಡಿಯುವವರ ಮುಖ ಬಿಗಿಯುತ್ತದೆ. ಗುಂಡಿನ ಸದ್ದು ಕೇಳುತ್ತದೆ; ಹೊಡೆದದ್ದು ಕಾಣುವುದಿಲ್ಲ.

1956ರ ಹಾಲಿವುಡ್ ಚಿತ್ರ ‘ಸೆವೆನ್ ಮೆನ್ ಫ್ರಮ್ ನೌ’ ಶುರುವಾಗುವುದು ಹೀಗೆ. ತನ್ನ ಹೆಂಡತಿಯನ್ನು ಕೊಂದ ಏಳು ಮಂದಿ ದರೋಡೆಕೋರರ ಬೆನ್ನು ಹತ್ತಿದ ಮಾಜಿ ಷೆರೀಫ್‌ನ ಕಥೆ. ಅವಧಿ 78 ನಿಮಿಷ. ನಿರ್ಮಾಣ ನಟ ಜಾನ್ ವೇನ್‌ನ ಬ್ಯಾಟ್‌ಜಾಕ್ ಕಂಪನಿಯದು. ವೇನ್ ಆಗ ‘ದಿ ಸರ್ಚರ್ಸ್’ ಚಿತ್ರದಲ್ಲಿ ಮುಳುಗಿದ್ದರಿಂದ ನಾಯಕನ ಪಾತ್ರ ಅರವತ್ತರ ಹತ್ತಿರದ ರ‍್ಯಾಂಡೊಲ್ಫ್ ಸ್ಕಾಟ್‌ಗೆ ಹೋಯಿತು. ಚಿತ್ರಕ್ಕೆ ಒಳ್ಳೆಯದೇ ಆಯಿತು: ವೇನ್ ಇದ್ದಿದ್ದರೆ ನಾಯಕನ ಮೌನ ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ನಿರ್ದೇಶಕ ಬಡ್ ಬೆಟಿಕರ್ ಮೆಕ್ಸಿಕೊದಲ್ಲಿ ಗೂಳಿಕಾಳಗ ಕಲಿತು ಬಂದವನು. ಚಿತ್ರಕಥೆಗಾರ ಬರ್ಟ್ ಕೆನೆಡಿ. ದೊಡ್ಡ ಸೆಟ್ ಹಾಕಿಸುವ ದುಡ್ಡಿರಲಿಲ್ಲ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಬಳಿಯ ಅಲಬಾಮಾ ಹಿಲ್ಸ್‌ನ ಬಂಡೆಗಳೇ ಸೆಟ್ ಆದವು. (1939ರ ‘ಗಂಗಾ ದಿನ್’ನಲ್ಲಿ ಇದೇ ಬಂಡೆಗಳು ಅಂದಿನ ಭಾರತದ ವಾಯವ್ಯ ಗಡಿಪ್ರಾಂತ್ಯವಾಗಿ ನಟಿಸಿದ್ದವು!) ಚಿತ್ರದ ಅತಿ ಭಯಂಕರ ದೃಶ್ಯಕ್ಕೆ ಬೇಕಾದದ್ದು ನಾಲ್ವರು ಪಾತ್ರಧಾರಿಗಳು, ಒಂದು ಗಾಡಿ, ಹೊರಗೆ ಮಳೆ, ಅಷ್ಟೇ. ಖಳನಾದ ಲೀ ಮಾರ್ವಿನ್ ಕಾಫಿ ಹೀರುತ್ತ, ಯಾರದೋ ಹೆಂಡತಿ ಯಾರ ಜೊತೆಗೋ ಹೋದ ಕಥೆಯನ್ನು ಬಹಳ ಸಮಾಧಾನದಿಂದ ಹೇಳುತ್ತಾನೆ. ಎದುರಿಗೆ ಕೂತ ಗಂಡ ಹೆಂಡತಿಗೆ ಅದು ಯಾರ ಕಥೆಯೆಂದು ಗೊತ್ತು. ಬಂದೂಕಿಗೆ ಯಾರೂ ಕೈ ಹಾಕುವುದಿಲ್ಲ.

ಕೊನೆಯ ಕಾಳಗದಲ್ಲಿ ಸ್ಕಾಟ್ ಗುಂಡು ಹೊಡೆಯುವುದನ್ನೂ ಬೆಟಿಕರ್ ತೋರಿಸುವುದಿಲ್ಲ. ಮಾರ್ವಿನ್‌ನ ಮುಖದ ಮೇಲಿನ ಅಚ್ಚರಿಯನ್ನಷ್ಟೇ ತೋರಿಸುತ್ತಾನೆ. ಚಿತ್ರಮಂದಿರದಲ್ಲಿ ಇದು ಕಣ್ತಪ್ಪಿತೇನೋ ಅನ್ನಿಸಬಹುದು. ಮನೆಯಲ್ಲಿ ರಿಮೋಟ್ ಹಿಡಿದು ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ನೋಡಿದರೂ ಆ ಶಾಟ್ ಸಿಗುವುದಿಲ್ಲ. ಡಿಸ್ಕಿನಲ್ಲಿ ನೋಡಿದಾಗಲೇ ನಿರ್ದೇಶಕನ ಕೈಚಳಕ ಪೂರ್ತಿ ಅರಿವಾಗುವುದು.

ಫ್ರಾನ್ಸಿನ ವಿಮರ್ಶಕ ಆಂದ್ರೆ ಬಾಜಾನ್ 1957ರಲ್ಲೇ ಈ ಚಿತ್ರವನ್ನು ಬಾಯ್ತುಂಬ ಹೊಗಳಿದ್ದ. ಆದರೆ ಬ್ಯಾಟ್‌ಜಾಕ್ ತನ್ನ ಕೆಲವು ಚಿತ್ರಗಳನ್ನು ಬಿಗಿಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ಇದೂ ಅವುಗಳಲ್ಲಿ ಒಂದು. ಹೆಸರು ಪುಸ್ತಕಗಳಲ್ಲಿ ಉಳಿಯಿತು, ಚಿತ್ರ ನೋಡಲು ಸಿಗಲಿಲ್ಲ. 2000ದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಚಿತ್ರಭಂಡಾರ ಪುನರುಜ್ಜೀವನಗೊಳಿಸಿದ ಪ್ರತಿ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಮರುವರ್ಷ ಬೆಟಿಕರ್ ತೀರಿಕೊಂಡ. ಡಿವಿಡಿ ಬಂದದ್ದು 2005ರಲ್ಲಿ.

ಕೊರತೆಗಳಿಲ್ಲವೆಂದಲ್ಲ. ಇಂಡಿಯನ್ನರಿಗೆ, ಅಂದರೆ ಅಮೆರಿಕದ ಮೂಲನಿವಾಸಿಗಳಿಗೆ, ಆ ಕಾಲದ ಹಾಲಿವುಡ್ ಕೊಡುತ್ತಿದ್ದ ಅಂಚಿನ ಜಾಗವೇ ಇಲ್ಲೂ. ಶೀರ್ಷಿಕೆ ಗೀತೆಯನ್ನು ಧಾರಾಳವಾಗಿ ಮುಂದಕ್ಕೆ ಓಡಿಸಬಹುದು.

ರುಚಿ ಹತ್ತಿದವರಿಗೆ ಬೆಟಿಕರ್–ಸ್ಕಾಟ್ ಜೋಡಿಯ ಇನ್ನೂ ಐದು ಚಿತ್ರಗಳು 2023ರಲ್ಲಿ ಕ್ರೈಟೀರಿಯನ್ ಸಂಸ್ಥೆ ಹೊರತಂದ ಡಿಸ್ಕ್ ಪೆಟ್ಟಿಗೆಯಲ್ಲಿವೆ. ಮೊದಲು ‘ದಿ ಟಾಲ್ ಟಿ’, ಆಮೇಲೆ ‘ರೈಡ್ ಲೋನ್‌ಸಮ್’ ನೋಡಿ. ಇವೆರಡೂ 80 ನಿಮಿಷ ಮುಟ್ಟುವುದಿಲ್ಲ. ಊಟಕ್ಕೆ ಮುಂಚೆ ಒಂದು, ಆದಮೇಲೆ ಇನ್ನೊಂದು ಮುಗಿಸಬಹುದು.